ಕಾಡ್ಗಿಚ್ಚು ಆರಿದ ಮೇಲೂ ‘ಪ್ರವೇಶವಿಲ್ಲ’ ಯಾಕೆ? ಒಳಗೆ ಹೋಗಿ ನೋಡುವ ಆಸೆ ಇರುವವರಿಗಾಗಿ ಒಂದು ಚರ್ಚೆ

ದಾರಿಹೋಕ

ಬೆಂಕಿ ಆರಿ ವಾರಗಳೇ ಕಳೆದರೂ ಕಾಡಿನ ದಾರಿಗೆ ಅಡ್ಡಗಟ್ಟಿ ‘ಪ್ರವೇಶವಿಲ್ಲ’ ಅಂತ ಫಲಕ ಹಾಕಿರುತ್ತಾರೆ. ಹೊರಗಿನಿಂದ ನೋಡಿದರೆ ಹೊಗೆಯಿಲ್ಲ, ಉರಿಯಿಲ್ಲ, ಕಾವಲಿಗೆ ಒಬ್ಬರೂ ಇಲ್ಲ. ಒಳಗೆ ಏನು ಉಳಿದಿದೆ, ಹಳೆಯ ಕಾಲುದಾರಿ ಇದೆಯೋ ಇಲ್ಲವೋ, ಚಿಗುರು ಬಂತೋ ಅಂತ ನೋಡುವ ಆಸೆ ಚಾರಣಿಗರಿಗೆ, ಫೋಟೋ ತೆಗೆಯುವವರಿಗೆ, ಹಕ್ಕಿ ನೋಡುವವರಿಗೆ ಎಲ್ಲರಿಗೂ ಇದ್ದದ್ದೇ.

ನಿಜವಾದ ಅಪಾಯ ಏನು, ಅದು ಎಷ್ಟು ಕಾಲ ಇರುತ್ತದೆ? ನಿರ್ಬಂಧವನ್ನು ಸುಮ್ಮನೆ ಎಳೆಯುತ್ತಾರೆ ಅನ್ನುವ ಮಾತಿನಲ್ಲಿ ಹುರುಳಿದೆಯೇ? ಒಳಗೆ ಕಾಲಿಡದೆ ನೋಡುವುದಕ್ಕೆ ದಾರಿ ಇದೆಯೇ? ತಿಳಿದವರು ಬರೆಯಿರಿ. ಬುದ್ಧಿಮಾತು ಬೇಡ, ಕಾರಣ ಬೇಕು.

ಒಣಮರ

ಮರದಿಂದಲೇ ಶುರು ಮಾಡ್ತೀನಿ. ಬೆಂಕಿ ಆರಿದ ಕಾಡಿನಲ್ಲಿ ಮೊದಲು ಹೆದರಬೇಕಾದದ್ದು ಅದಕ್ಕೇ.

ನಿಂತಿರೋ ಮರ ಕಣ್ಣಿಗೆ ಗಟ್ಟಿಯಾಗೇ ಕಾಣುತ್ತೆ. ಆದರೆ ಬೆಂಕಿ ಬುಡದ ಪೊಟರೆಯೊಳಗೆ ಹೊಕ್ಕು ತಿರುಳನ್ನು ತಿಂದು ಹಾಕಿರಬಹುದು, ಇಲ್ಲವೇ ನೆಲದಡಿಯ ಬೇರು ಹಿಡಿದು ದಿನಗಟ್ಟಲೆ ಒಳಗೊಳಗೇ ಉರಿದಿರಬಹುದು. ಅಂಥ ಮರ ಬೀಳೋಕೆ ಗಾಳಿ ಬೇಕಾಗಿಲ್ಲ. ಒಂದು ಕಡೆಯ ಬೇರೆಲ್ಲ ಬೂದಿಯಾಗಿ, ಉಳಿದ ಬೇರು ಭಾರ ತಾಳದ ಗಳಿಗೆಯಲ್ಲಿ ಸುಮ್ಮನೆ ಒರಗಿಬಿಡುತ್ತೆ. ಎಲೆಯಿದ್ದರೆ ಸದ್ದಾಗುತ್ತೆ, ಎಲೆ ಸುಟ್ಟುಹೋದ ಮರ ಬೀಳುವಾಗ ಆ ಸದ್ದೂ ಕಡಿಮೆ. ಇವು ಒಂದೆರಡು ತಿಂಗಳಲ್ಲಿ ಬಿದ್ದು ಮುಗಿಯುವುದೂ ಇಲ್ಲ. ಸತ್ತು ನಿಂತ ಮರಗಳು ವರ್ಷಗಟ್ಟಲೆ ಒಂದೊಂದಾಗಿ ಉರುಳುತ್ತಾ ಇರ್ತವೆ. ಮೊದಲು ಬೇರು ಸುಟ್ಟವು, ಆಮೇಲೆ ಹುಳ ಮತ್ತು ಶಿಲೀಂಧ್ರ ಹಿಡಿದು ಕೊಳೆತವು.

ದೂರದಿಂದಲೇ ಗುರುತು ಹಿಡಿಯೋದು ಹೇಗೆ ಅಂದರೆ, ಬುಡದಲ್ಲಿ ಒಂದೇ ಮಗ್ಗುಲು ಗುಹೆಯ ಹಾಗೆ ಸುಟ್ಟಿರುತ್ತೆ. ಬುಡದ ಸುತ್ತ ಮಣ್ಣು ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಬಿರುಕು ಬಿಟ್ಟಿರುತ್ತೆ. ತೊಗಟೆ ಹಾಳೆ ಹಾಳೆಯಾಗಿ ಕಳಚಿರುತ್ತೆ. ತುದಿ ಮುರಿದು ಕೊಂಬೆಗಳ ನಡುವೆ ಸಿಕ್ಕಿಕೊಂಡಿರುತ್ತೆ. ಈ ಕೊನೆಯದು ಬಹಳ ಕೆಟ್ಟದ್ದು, ಯಾಕಂದರೆ ನಡೆಯುವವರು ಬುಡ ನೋಡ್ತಾರೆ, ನೆತ್ತಿ ನೋಡಲ್ಲ. ಇಂಥ ಮರದಿಂದ ಅದರ ಎತ್ತರದ ಎರಡು ಪಟ್ಟಾದರೂ ದೂರ ಇರಬೇಕು. ಒಂದು ಮರ ಇನ್ನೊಂದಕ್ಕೆ ಬಡಿದು ಅದನ್ನೂ ಬೀಳಿಸುತ್ತೆ, ಅದಕ್ಕೇ ಒಂದು ಎತ್ತರದಷ್ಟು ದೂರ ಸಾಲದು. ದಟ್ಟವಾಗಿ ಸುಟ್ಟ ಕಾಡಿನಲ್ಲಿ ಹಾಗೆ ದೂರ ನಿಲ್ಲೋಕೆ ಜಾಗವೇ ಇರಲ್ಲ. ದಾರಿ ಮುಚ್ಚೋಕೆ ಈ ಒಂದು ಕಾರಣವೇ ಸಾಕು.

ಕಾಡ್ಗಿಚ್ಚಿನ ನಂತರದ ವಸಂತದಲ್ಲಿ ಉತ್ತರ ಅಮೆರಿಕದ ಸುಟ್ಟ ನೆಲದಲ್ಲಿ ಮೊರೆಲ್ ಅನ್ನೋ ಅಣಬೆ ಏಳುತ್ತೆ, ಅದನ್ನು ಆರಿಸೋಕೆ ಜನ ಮುಗಿಬೀಳ್ತಾರೆ. ಕಣ್ಣು ಪೂರ್ತಿ ನೆಲದ ಮೇಲೆ, ತಲೆಯ ಮೇಲೆ ಒಣ ಕೊಂಬೆ. ಇದಕ್ಕಿಂತ ಅಪಾಯದ ಭಂಗಿ ಇನ್ನೊಂದಿಲ್ಲ.

ಕೆಂಡಸಂಪಿಗೆ

ಒಣಮರ ಅವರು ಹೇಳಿದ ಬೇರಿನ ವಿಷಯಕ್ಕೇ ಇನ್ನೊಂದು ಮುಖ ಇದೆ. ಬೇರು ಮತ್ತು ಬೊಡ್ಡೆ ನೆಲದೊಳಗೆ ಸುಟ್ಟ ಮೇಲೆ ಅಲ್ಲಿ ಗುಂಡಿ ಉಳಿಯುತ್ತದೆ. ಗುಂಡಿಯ ತುಂಬ ನಯವಾದ ಬೂದಿ, ತಳದಲ್ಲಿ ಕೆಂಡ. ಮೇಲಿನ ಮಟ್ಟ ಸುತ್ತಲಿನ ನೆಲಕ್ಕೆ ಸಮವಾಗಿರುವುದರಿಂದ ಗುಂಡಿ ಇದೆ ಅಂತಲೇ ಗೊತ್ತಾಗುವುದಿಲ್ಲ. ಕಾಲಿಟ್ಟರೆ ಮೊಣಕಾಲಿನವರೆಗೆ ಇಳಿಯಬಹುದು.

ಬೂದಿ ಒಳ್ಳೆಯ ಶಾಖನಿರೋಧಕ. ಅದಕ್ಕೇ ಒಳಗಿನ ಕೆಂಡ ವಾರಗಟ್ಟಲೆ ಉಳಿಯುತ್ತದೆ. ಕೊಳೆತ ಎಲೆಯ ಪದರ ದಪ್ಪಗಿರುವಲ್ಲಿ, ಅದರಲ್ಲೂ ಪೀಟ್ ನೆಲದಲ್ಲಿ (ಅರೆಕೊಳೆತ ಗಿಡಗಳು ಪದರ ಪದರವಾಗಿ ಸೇರಿದ ಜೌಗು ಮಣ್ಣು), ತಿಂಗಳುಗಟ್ಟಲೆ. ಅಲಾಸ್ಕಾ, ಸೈಬೀರಿಯಾಗಳಲ್ಲಿ ಒಂದು ಬೇಸಿಗೆಯ ಬೆಂಕಿ ಹಿಮದಡಿಯಲ್ಲಿ ಚಳಿಗಾಲ ಕಳೆದು ಮುಂದಿನ ವಸಂತದಲ್ಲಿ ಮತ್ತೆ ಹೊರಬಂದ ದಾಖಲೆಗಳಿವೆ. ಜ್ವಾಲೆ ಇಲ್ಲದೆ ಉರಿಯುವ ಪೀಟ್‌ನ ಉಷ್ಣತೆ ಸುಮಾರು 500ರಿಂದ 700 ಡಿಗ್ರಿ ಸೆಲ್ಸಿಯಸ್.

ಬೆಂಕಿ ಆರಿಸುವ ಸಿಬ್ಬಂದಿ ಇದನ್ನು ಪತ್ತೆ ಮಾಡುವ ಕ್ರಮ ತಿಳಿದಿರಲಿ. ಮೊದಲು ದೂರದಿಂದ ನೋಡುತ್ತಾರೆ: ಸುತ್ತಲೂ ಕಪ್ಪು ಇದ್ದು ನಡುವೆ ಬಿಳಿ ಬೂದಿಯ ಮಚ್ಚೆ ಇದೆಯೇ, ಅದರ ಮೇಲೆ ಗಾಳಿ ನಡುಗುತ್ತಿದೆಯೇ, ಸಣ್ಣ ನೊಣಗಳು ಒಂದೇ ಕಡೆ ಸುತ್ತುತ್ತಿವೆಯೇ. ಕಪ್ಪು ಅಂದರೆ ಅರೆಬೆಂದದ್ದು, ಬಿಳಿ ಅಂದರೆ ಪೂರ್ತಿ ಸುಟ್ಟದ್ದು, ಅಲ್ಲಿ ಶಾಖ ಹೆಚ್ಚಿತ್ತು ಎಂದರ್ಥ. ಆಮೇಲೆ ಉದ್ದ ಹಿಡಿಯ ಸಲಿಕೆಯಿಂದ ಕೆದಕುತ್ತಾರೆ. ಕೊನೆಗೆ ಕೈಗವಸು ತೆಗೆದು ಅಂಗೈಯ ಹಿಂಬದಿಯನ್ನು ನೆಲದಿಂದ ಗೇಣೆತ್ತರದಲ್ಲಿ ಹಿಡಿದು ನಿಧಾನವಾಗಿ ಇಳಿಸುತ್ತಾರೆ. ಹಿಂಬದಿಯ ಚರ್ಮಕ್ಕೆ ಶಾಖ ಬೇಗ ತಿಳಿಯುತ್ತದೆ, ಸುಟ್ಟರೂ ಹಿಡಿಯುವ ಕೈ ಉಳಿಯುತ್ತದೆ. ಬಿಸಿ ಸಿಕ್ಕರೆ ನೀರು ಸುರಿದು, ಕಲಸಿ, ಮತ್ತೆ ಮುಟ್ಟಿ ನೋಡುತ್ತಾರೆ. ಮೇಲೆ ನೀರು ಚೆಲ್ಲಿ ಬಿಟ್ಟರೆ ಆಗದು, ಒಣ ಬೂದಿಯ ಪದರ ನೀರನ್ನು ಬೇಗ ಒಳಗೆ ಬಿಡುವುದಿಲ್ಲ. ಇದನ್ನೆಲ್ಲ ಮಾರು ಮಾರಿಗೂ ಮಾಡಬೇಕು. ಬೆಂಕಿ ಹತೋಟಿಗೆ ಬಂತು ಅಂದ ಮೇಲೂ ಒಳಗೆ ಕೆಲಸ ಯಾಕೆ ನಡೆದಿರುತ್ತದೆ ಅನ್ನುವುದಕ್ಕೆ ಇದೇ ಉತ್ತರ.

ಇನ್ನೊಂದು ಮಾತು. ಮರದ ಬೂದಿ ಕ್ಷಾರ. ಬೆವರು ಅಥವಾ ಮಳೆನೀರು ತಾಗಿದರೆ ಚರ್ಮವನ್ನು ಸುಡುತ್ತದೆ. ಯಾರಾದರೂ ಬೂದಿಗುಂಡಿಯಲ್ಲಿ ಕಾಲಿಟ್ಟರೆ ಬೂಟು, ಕಾಲುಚೀಲ ತಕ್ಷಣ ತೆಗೆಯಿರಿ (ಚರ್ಮಕ್ಕೆ ಅಂಟಿಕೊಂಡಿದ್ದರೆ ಎಳೆಯಬೇಡಿ), ಒಣಬೂದಿ ಕೊಡವಿ, ಹರಿಯುವ ತಣ್ಣೀರಿನಲ್ಲಿ ಕನಿಷ್ಠ 20 ನಿಮಿಷ ಹಿಡಿಯಿರಿ. ನೈಲಾನ್ ಕಾಲುಚೀಲ ಕರಗಿ ಚರ್ಮಕ್ಕೆ ಹತ್ತಿಕೊಳ್ಳುತ್ತದೆ, ಅದಕ್ಕೇ ಈ ಕೆಲಸದವರು ಉಣ್ಣೆ ಅಥವಾ ಹತ್ತಿಯದನ್ನೇ ಹಾಕುತ್ತಾರೆ.

ದಾರಿಹೋಕ

ಇಷ್ಟು ಬಿಡಿಸಿ ಹೇಳಿದ್ದಕ್ಕೆ ವಂದನೆ. ಹಾಗಾದರೆ ಒಂದು ಒಳ್ಳೆಯ ಮಳೆ ಬಿದ್ದ ಮೇಲೆ ಕೆಂಡವೆಲ್ಲ ಆರಿರುತ್ತದಲ್ಲ, ಆಗ ಸುರಕ್ಷಿತ ಅನ್ನಬಹುದೇ? ಬಹಳ ಜನ ಹೀಗೇ ಲೆಕ್ಕ ಹಾಕುತ್ತಾರೆ.

ಮಣ್ಣುಮಾತು

ಮಳೆ ಬಂದ ಮೇಲೆ ಹೋದರಾಯಿತು ಅನ್ನುವುದು ಎಲ್ಲಕ್ಕಿಂತ ತಪ್ಪು ಲೆಕ್ಕ. ದೊಡ್ಡ ಅಪಾಯ ಶುರುವಾಗುವುದೇ ಆಗ.

ಎಲೆಕಸ ಸುಡುವಾಗ ಅದರಲ್ಲಿರುವ ಮೇಣದಂಥ ವಸ್ತುಗಳು ಆವಿಯಾಗಿ ಕೆಳಗಿಳಿದು, ತಣ್ಣಗಿರುವ ಮಣ್ಣಿನ ಕಣಗಳಿಗೆ ಅಂಟಿಕೊಳ್ಳುತ್ತವೆ. ಮೇಲಿನಿಂದ ಕೆಲವೇ ಸೆಂಟಿಮೀಟರ್ ಆಳದಲ್ಲಿ ನೀರನ್ನು ಒಳಬಿಡದ ಪದರವೊಂದು ಹುಟ್ಟುತ್ತದೆ. ಪರೀಕ್ಷೆ ಬಹಳ ಸರಳ: ಬೂದಿಯನ್ನು ಸರಿಸಿ ಮಣ್ಣು ಕಾಣುವಂತೆ ಮಾಡಿ, ಒಂದೊಂದು ಸೆಂಟಿಮೀಟರ್ ಆಳಕ್ಕೆ ಮೆಟ್ಟಿಲಿನಂತೆ ಕೆರೆದು, ಪ್ರತಿ ಮೆಟ್ಟಿಲಿಗೂ ಕೆಲವು ಹನಿ ನೀರು ಬಿಡುತ್ತಾರೆ. 5 ಸೆಕೆಂಡಿನೊಳಗೆ ಇಂಗಿದರೆ ಮಣ್ಣು ಸರಿಯಿದೆ. ಕೆಸುವಿನ ಎಲೆಯ ಮೇಲಿನಂತೆ ಹನಿ ಗುಂಡಾಗಿ ನಿಂತುಬಿಟ್ಟರೆ ಆ ಪದರ ನೀರನ್ನು ತಳ್ಳುತ್ತಿದೆ. ಮೇಲ್ಮೈಯಲ್ಲಿ ಇಂಗಿ, ಮೂರು ಸೆಂಟಿಮೀಟರ್ ಕೆಳಗೆ ನಿಲ್ಲುವುದೂ ಉಂಟು. ಮೇಲಷ್ಟೇ ನೋಡಿದವರು ಇಲ್ಲಿ ಮೋಸ ಹೋಗುತ್ತಾರೆ.

ಆ ಪದರದ ಮೇಲಿನ ಸಡಿಲ ಮಣ್ಣು, ಬೂದಿ, ಕಲ್ಲು ಎಲ್ಲ ಜೋರು ಮಳೆಗೆ ಒಟ್ಟಿಗೇ ಜಾರುತ್ತವೆ. ಹಿಡಿದಿಡಲು ಹುಲ್ಲಿಲ್ಲ, ಹನಿಯ ಹೊಡೆತ ತಡೆಯಲು ಎಲೆಯಿಲ್ಲ. ದಕ್ಷಿಣ ಕ್ಯಾಲಿಫೋರ್ನಿಯಾದ ಸುಟ್ಟ ಇಳಿಜಾರುಗಳಲ್ಲಿ 30 ನಿಮಿಷಕ್ಕೆ 7 ಮಿ.ಮೀ. ಮಳೆಯೇ ಇಂಥ ಕೆಸರು-ಬಂಡೆಯ ಹರಿವನ್ನು ಎಬ್ಬಿಸಿದ್ದನ್ನು ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆ ದಾಖಲಿಸಿದೆ. ಅಲ್ಲಿನದೇ ಥಾಮಸ್ ಕಾಡ್ಗಿಚ್ಚು ಹೊತ್ತಿದ್ದು 2017ರ ಡಿಸೆಂಬರ್‌ನಲ್ಲಿ. ಅದು ಸುಟ್ಟ ಬೆಟ್ಟಗಳಿಂದ 2018ರ ಜನವರಿ 9ರ ನಸುಕಿನಲ್ಲಿ ಮಾಂಟೆಸಿಟೋ ಊರಿನ ಮೇಲೆ ಹರಿದ ಕೆಸರು, ಬಂಡೆ 23 ಜನರನ್ನು ಬಲಿ ತೆಗೆದುಕೊಂಡಿತು. ಆ ಹೊತ್ತಿನ ಮಳೆಯ ತೀವ್ರತೆ ಐದು ನಿಮಿಷಕ್ಕೆ ಸುಮಾರು 13 ಮಿ.ಮೀ.

ಹಳ್ಳದಲ್ಲಿ ನಡೆಯುವವರಿಗೆ ಮಳೆ ತಲೆಯ ಮೇಲೇ ಬೀಳಬೇಕೆಂದಿಲ್ಲ. ಮೇಲಿನ ಕಣಿವೆಯಲ್ಲಿ ಬಿದ್ದರೂ ಹರಿವು ಕೆಳಗೆ ಬರುತ್ತದೆ. ಮೊದಲ ಎರಡು ವರ್ಷ ಇದರ ಅಪಾಯ ಹೆಚ್ಚು. ಆಮೇಲೆ ಹೊಸ ಹಸಿರು ಬಂದು ಆ ಪದರವೂ ಒಡೆಯುತ್ತದೆ. ಆದರೆ ಸತ್ತ ಮರಗಳ ಬೇರು ಕೊಳೆತು ಹಿಡಿತ ಕಳೆದುಕೊಳ್ಳುವುದು ಅದಕ್ಕೂ ನಂತರ. ಹಾಗಾಗಿ ಕಡಿದಾದ ಇಳಿಜಾರಿನಲ್ಲಿ ಭೂಕುಸಿತದ ಭಯ ತಡವಾಗಿ ಮತ್ತೊಮ್ಮೆ ಏರುತ್ತದೆ.

ಮೋರಿಸೇತುವೆ

ದಾರಿಯ ಬಗ್ಗೆ ಚಿಕ್ಕದಾಗಿ. ಕಾಡುರಸ್ತೆಯ ಅಡಿಯಲ್ಲಿ ನೀರು ದಾಟಲು ಹಾಕಿದ ಪ್ಲಾಸ್ಟಿಕ್ ಕೊಳವೆ ಎರಡೂ ಬಾಯಿಂದ ಬೆಂಕಿ ಹಿಡಿದು ಒಳಗೇ ಸುಟ್ಟುಹೋಗುತ್ತೆ. ಮೇಲೆ ಮಣ್ಣು ಹಾಗೇ ಇರುತ್ತೆ, ಕೆಳಗೆ ಪೊಳ್ಳು. ಜನ ನಡೆದರೆ ತಡೆಯಬಹುದು, ಜೀಪು ಬಂದರೆ ಕುಸಿಯುತ್ತೆ. ಸುಟ್ಟ ಜಾಗಕ್ಕೆ ಗಾಡಿ ತೆಗೆದುಕೊಂಡು ಹೋಗಲೇಬೇಕಾದ ಸಿಬ್ಬಂದಿ ಪ್ರತಿ ಮೋರಿಯಲ್ಲೂ ಇಳಿದು ಎರಡೂ ಬಾಯಿ ಇಣುಕಿ ನೋಡಿಯೇ ದಾಟಬೇಕು.

ಕಾಲುದಾರಿಯಲ್ಲೂ ಹೀಗೇ. ಮಣ್ಣು ಜಾರದಂತೆ ಇಟ್ಟ ಮರದ ತೊಲೆ, ಮೆಟ್ಟಿಲು, ಕಾಲುಸೇತುವೆ ಸುಟ್ಟಿರುತ್ತವೆ, ಅರ್ಧ ಸುಟ್ಟದ್ದು ಇನ್ನೂ ಕೆಟ್ಟದ್ದು. ಬೇರು, ಪೊದೆ ಹಿಡಿದಿಟ್ಟ ಕಲ್ಲುಗಳು ಮೇಲಿನಿಂದ ಉರುಳ್ತಾ ಇರ್ತವೆ. ದಾರಿಗುರುತುಗಳು ಹೋಗಿರುತ್ತವೆ, ಎಲ್ಲ ಕಡೆ ಒಂದೇ ಬೂದಿಬಣ್ಣ, ದಿಕ್ಕು ತಪ್ಪುವುದು ಸುಲಭ. ಮೊಬೈಲ್ ಟವರ್ ಸುಟ್ಟಿದ್ದರೆ ಕರೆಯೂ ಹೋಗಲ್ಲ.

ನೇರನುಡಿ

ಮೇಲೆ ಬರೆದದ್ದೆಲ್ಲ ನಿಜ, ಒಪ್ಪುತ್ತೇನೆ. ಆದರೆ ದಾರಿಹೋಕ ಅವರ ಎರಡನೇ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ನಿರ್ಬಂಧ ವರ್ಷಗಟ್ಟಲೆ ಎಳೆಯುತ್ತದೆ ಅನ್ನುವುದೂ ನಿಜವೇ. ಅಮೆರಿಕದ ಆರೆಗಾನ್‌ ರಾಜ್ಯದ ಕೊಲಂಬಿಯಾ ನದಿ ಕಣಿವೆಯಲ್ಲಿ 2017ರ ಸೆಪ್ಟೆಂಬರ್‌ನಲ್ಲಿ ಈಗಲ್ ಕ್ರೀಕ್ ಕಾಡ್ಗಿಚ್ಚು ಎದ್ದಿತು. 15 ವರ್ಷದ ಹುಡುಗನೊಬ್ಬ ಎಸೆದ ಪಟಾಕಿಯಿಂದ ಸುಮಾರು 49 ಸಾವಿರ ಎಕರೆ ಬೆಂಕಿಗೆ ಸಿಕ್ಕಿತು. ಅಲ್ಲಿನ ಹೆಸರಾದ ಈಗಲ್ ಕ್ರೀಕ್ ಕಾಲುದಾರಿ ಮತ್ತೆ ತೆರೆದದ್ದು 2021ರ ಆರಂಭದಲ್ಲಿ. ಮೂರು ವರ್ಷಕ್ಕೂ ಮೇಲೆ! ಒಂದೇ ಬೆಂಕಿಯೊಳಗೆ ಒಂದು ಗುಡ್ಡ ಪೂರ್ತಿ ಸುಟ್ಟಿರುತ್ತದೆ, ಪಕ್ಕದ ಕಣಿವೆಯಲ್ಲಿ ತರಗೆಲೆ ಮಾತ್ರ ಸುಟ್ಟಿರುತ್ತದೆ. ಎರಡಕ್ಕೂ ಒಂದೇ ಬೀಗ ಯಾಕೆ? ಕಾರಣ ಹೇಳದೆ ಎಲ್ಲ ಮುಚ್ಚಿದರೆ ಜನ ಫಲಕವನ್ನೇ ನಂಬುವುದಿಲ್ಲ, ನಿಜವಾಗಿ ಅಪಾಯವಿರುವಲ್ಲಿಗೂ ನುಗ್ಗುತ್ತಾರೆ.

ಮಣ್ಣುಮಾತು

ನೇರನುಡಿ ಅವರೇ, ಕಾರಣ ಹೇಳದೆ ಮುಚ್ಚುವುದು ತಪ್ಪು ಅನ್ನುವುದರಲ್ಲಿ ಎರಡು ಮಾತಿಲ್ಲ. ತುಂಡು ತುಂಡಾಗಿ ತೆರೆಯಬೇಕು ಅನ್ನುವುದನ್ನೂ ಒಪ್ಪುತ್ತೇನೆ, ಈಗಲ್ ಕ್ರೀಕ್ ಸುತ್ತಲಿನ ದಾರಿಗಳನ್ನೂ ಒಂದೊಂದಾಗಿಯೇ ತೆರೆದದ್ದು. ಆದರೆ ಲಘುವಾಗಿ ಸುಟ್ಟ ಕಣಿವೆಗೆ ಹೋಗುವ ದಾರಿ ಪೂರ್ತಿ ಸುಟ್ಟ ಗುಡ್ಡದ ಅಡಿಯಲ್ಲೇ ಹಾದುಹೋಗುತ್ತಿದ್ದರೆ? ಆಗ ಕಣಿವೆ ಸುರಕ್ಷಿತವಾಗಿದ್ದೂ ಪ್ರಯೋಜನವಿಲ್ಲ. ದಾರಿಯ ಅತಿ ಕೆಟ್ಟ ನೂರು ಅಡಿಯೇ ಇಡೀ ದಾರಿಯ ಹಣೆಬರಹ ಬರೆಯುತ್ತದೆ. ಅದರ ಮೇಲೆ, ಅಪಾಯದ ಮರ ಕಡಿಯುವ ಸಿಬ್ಬಂದಿ ಒಳಗಿರುವಷ್ಟು ದಿನ ಸುತ್ತ ಯಾರೂ ಇರಕೂಡದು. ಫಲಕ ದಾಟಿ ಬಂದ ಒಬ್ಬರಿಗಾಗಿ ಅವರು ಇಡೀ ಕೆಲಸ ನಿಲ್ಲಿಸಬೇಕಾಗುತ್ತದೆ, ನಿರ್ಬಂಧ ಇನ್ನೂ ಉದ್ದವಾಗುತ್ತದೆ.

ಒಳಗಣ್ಣು

ಮುಚ್ಚಿದ ಜಾಗದ ಕಡೆಗೆ ಮನಸ್ಸು ಎಳೆಯುವುದರ ಬಗ್ಗೆ ಗಟ್ಟಿಯಾದ ಸಂಶೋಧನೆ ಇದೆ, ಫಲಕ ಬರೆಯುವವರಿಗೆ ಅದು ನೇರವಾಗಿ ಬೇಕಾದದ್ದು.

ಸ್ವಾತಂತ್ರ್ಯ ಕಿತ್ತುಕೊಂಡಾಗ ಆ ವಸ್ತು ಇನ್ನೂ ಬೇಕೆನಿಸುತ್ತದೆ ಅನ್ನುವ ಸಿದ್ಧಾಂತವನ್ನು ಮನಶ್ಶಾಸ್ತ್ರಜ್ಞ ಜಾಕ್ ಬ್ರೆಮ್ 1966ರಲ್ಲೇ ಮಂಡಿಸಿದರು. ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು ಕ್ರಿಸ್ಟೋಫರ್ ಶೀ ಮತ್ತು ಬೋವೆನ್ ರುವಾನ್ 2016ರಲ್ಲಿ ಪ್ರಕಟಿಸಿದ ಪ್ರಯೋಗ. ಮೇಜಿನ ಮೇಲೆ ಪೆನ್ನುಗಳು. ಒಂದು ಬಣ್ಣದ ಗುರುತಿನವು ಒತ್ತಿದರೆ ಖಂಡಿತ ಶಾಕ್ ಹೊಡೆಯುತ್ತವೆ, ಇನ್ನೊಂದು ಬಣ್ಣದವು ಹೊಡೆಯುವುದಿಲ್ಲ, ಮೂರನೆಯವು ಹೊಡೆದರೂ ಹೊಡೆಯಬಹುದು. ಸುಮ್ಮನೆ ಕೂತಿದ್ದ ವಿದ್ಯಾರ್ಥಿಗಳು ಹೆಚ್ಚಾಗಿ ಒತ್ತಿ ನೋಡಿದ್ದು ಮೂರನೆಯದನ್ನು. ನೋವಾಗಬಹುದು ಎಂದು ಗೊತ್ತಿದ್ದೂ, ಗೊತ್ತಿಲ್ಲದ್ದನ್ನು ಗೊತ್ತು ಮಾಡಿಕೊಳ್ಳುವ ತುಡಿತವೇ ಗೆದ್ದಿತು.

‘ಪ್ರವೇಶವಿಲ್ಲ’ ಅನ್ನುವ ಬರೀ ಒಂದು ಪದದ ಫಲಕ ಮೂರನೇ ಬಗೆಯ ಪೆನ್ನನ್ನೇ ಕೈಗೆ ಕೊಡುತ್ತದೆ. ಒಳಗೆ ಏನಿದೆ ಅನ್ನುವುದನ್ನು ಹೇಳಿಬಿಟ್ಟರೆ ಆ ತುಡಿತ ಅರ್ಧ ಇಳಿಯುತ್ತದೆ. ಫಲಕದಲ್ಲಿ ಒಳಗಿನ ಇತ್ತೀಚಿನ ಫೋಟೋ ದಿನಾಂಕದ ಸಮೇತ ಇರಲಿ, ಯಾವ ಭಾಗ ಯಾಕೆ ಮುಚ್ಚಿದೆ ಎಂದು ನಕ್ಷೆ ಇರಲಿ, ಮುಂದಿನ ಪರಿಶೀಲನೆ ಯಾವಾಗ ಅನ್ನುವುದಿರಲಿ. ಫೋಟೋ ಹಳತಾದರೆ ಬದಲಿಸಬೇಕು, ಮೂರು ತಿಂಗಳ ಹಿಂದಿನ ಚಿತ್ರ ಮತ್ತೆ ಕುತೂಹಲವನ್ನೇ ಕೆರಳಿಸುತ್ತದೆ.

ಬರೆಯಬಾರದ್ದೂ ಒಂದಿದೆ. ‘ಬಹಳ ಜನ ನಿಯಮ ಮುರಿದು ಒಳಗೆ ಹೋಗುತ್ತಿದ್ದಾರೆ’ ಎಂದು ದುಃಖ ತೋಡಿಕೊಳ್ಳುವ ಫಲಕ. ಅರಿಜೋನಾದ ಪೆಟ್ರಿಫೈಡ್ ಫಾರೆಸ್ಟ್ ರಾಷ್ಟ್ರೀಯ ಉದ್ಯಾನದಲ್ಲಿ ಮನಶ್ಶಾಸ್ತ್ರಜ್ಞ ರಾಬರ್ಟ್ ಚಿಯಾಲ್ಡೀನಿ ತಂಡ ಗುರುತು ಹಾಕಿದ ಶಿಲೆಯಾದ ಮರದ ಚೂರುಗಳನ್ನು ದಾರಿಯಲ್ಲಿಟ್ಟು ಎರಡು ಬಗೆಯ ಫಲಕ ಹೋಲಿಸಿತು. ಹಿಂದೆ ಬಂದವರು ಬಹಳ ಕದ್ದಿದ್ದಾರೆ ಎಂದಿದ್ದಾಗ 7.92 ಶೇಕಡಾ ಚೂರು ಕಾಣೆಯಾದವು. ದಯವಿಟ್ಟು ತೆಗೆಯಬೇಡಿ ಎಂದಷ್ಟೇ ಇದ್ದಾಗ 1.67 ಶೇಕಡಾ. ಎಲ್ಲರೂ ಮಾಡುತ್ತಾರೆ ಅನ್ನುವ ಸುದ್ದಿಯನ್ನು ಫಲಕವೇ ಹೊತ್ತು ತಿರುಗಬಾರದು.

ಬೇರುಬಿಳಲು

ಇಲ್ಲಿಯವರೆಗಿನ ಮಾತು ಒಳಗೆ ಹೋದವರಿಗೆ ಆಗುವ ಅಪಾಯದ್ದು. ಒಳಗೆ ಹೋದವರಿಂದ ಆಗುವ ಅಪಾಯದ ಬಗ್ಗೆ ಒಬ್ಬರೂ ಬರೆಯಲಿಲ್ಲ ಅನ್ನುವುದು ನನಗೆ ನೋವಿನ ವಿಷಯ.

ಆಸ್ಟ್ರೇಲಿಯಾದ ವೊಲೆಮಿ ಪೈನ್ ಅನ್ನು ತೆಗೆದುಕೊಳ್ಳಿ. ಪಳೆಯುಳಿಕೆಯ ಕಾಲದ ಬಂಧುಗಳಿರುವ ಈ ಮರ ಜೀವಂತವಾಗಿ ಸಿಕ್ಕಿದ್ದು 1994ರಲ್ಲಿ. ಕಾಡಿನಲ್ಲಿ ಬೆಳೆದ ದೊಡ್ಡ ಮರಗಳು ನೂರರ ಒಳಗೆ. ಜಾಗವನ್ನು ಇಂದಿಗೂ ಗುಟ್ಟಾಗಿಟ್ಟಿದ್ದಾರೆ. 2019–20ರ ಮಹಾ ಕಾಡ್ಗಿಚ್ಚಿನಲ್ಲಿ ಸಿಬ್ಬಂದಿಯನ್ನು ಹೆಲಿಕಾಪ್ಟರಿನಿಂದ ಕಣಿವೆಗಿಳಿಸಿ, ನೀರಿನ ಕೊಳವೆ ಹಾಕಿ, ಸುತ್ತ ಅಗ್ನಿನಿರೋಧಕ ಸುರಿದು ಆ ತೋಪನ್ನು ಉಳಿಸಿಕೊಂಡರು. ಬೆಂಕಿಯಿಂದ ಉಳಿದ ತೋಪಿಗೆ ಈಗ ದೊಡ್ಡ ಭಯ ಕದ್ದು ನೋಡಲು ಬರುವವರ ಬೂಟು. ಬೇರು ಕೊಳೆಸುವ ಫೈಟಾಫ್ತೊರಾ ಸಿನ್ನಮೋಮಿ ಅನ್ನುವ ರೋಗಾಣು ಆ ಕಣಿವೆಯಲ್ಲಿ 2005ರಲ್ಲೇ ಪತ್ತೆಯಾಗಿತ್ತು, ಅನುಮತಿಯಿಲ್ಲದೆ ಬಂದವರ ಪಾದರಕ್ಷೆಯ ಮಣ್ಣಿನಿಂದ ಬಂದಿರಬೇಕೆಂಬುದೇ ಎಲ್ಲರ ಅನುಮಾನ. ಸುಟ್ಟು ಬಳಲಿ ಮತ್ತೆ ಚಿಗುರುತ್ತಿರುವ ಗಿಡಕ್ಕೆ ಈ ರೋಗ ತಗುಲಿದರೆ ಚೇತರಿಸಿಕೊಳ್ಳುವುದು ಕಷ್ಟ.

ಅನುಮತಿ ಪಡೆದು ಹೋಗುವ ಸಂಶೋಧಕರೂ ಪಾಲಿಸುವ ಕ್ರಮ ಇದು. ಬೂಟಿನ ಅಡಿಯ ಗೀರುಗಳಲ್ಲಿರುವ ಮಣ್ಣನ್ನು ಗಡಸು ಬ್ರಷ್‌ನಿಂದ ಪೂರ್ತಿ ಕೆರೆದು ತೆಗೆಯಬೇಕು. ಆಮೇಲೆ 70 ಶೇಕಡಾ ಮೆಥಿಲೇಟೆಡ್ ಸ್ಪಿರಿಟ್ ಅನ್ನು ತೊಟ್ಟಿಕ್ಕುವಷ್ಟು ಸಿಂಪಡಿಸಿ ತಾನಾಗಿ ಒಣಗಲು ಬಿಡಬೇಕು. ಮಣ್ಣು ಉಳಿದಿದ್ದರೆ ಸ್ಪಿರಿಟ್ ಅದರೊಳಗಿನ ಬೀಜಕಣಕ್ಕೆ ತಲುಪುವುದೇ ಇಲ್ಲ, ಬಹುಪಾಲು ಜನ ತಪ್ಪು ಮಾಡುವುದು ಇಲ್ಲೇ. ಕೋಲಿನ ಮೊನೆ, ಕ್ಯಾಮೆರಾ ಸ್ಟ್ಯಾಂಡಿನ ಕಾಲು, ಚೀಲದ ತಳ ಎಲ್ಲಕ್ಕೂ ಇದೇ ಕ್ರಮ, ಒಳಹೋಗುವಾಗಲೂ ಹೊರಬರುವಾಗಲೂ.

ಬೂದಿಯ ಮೇಲೆ ಏನೂ ಇಲ್ಲ ಅಂದುಕೊಂಡು ಹೆಜ್ಜೆಯಿಡುವ ಜಾಗವೇ ಮೊಳಕೆಯ ಹಾಸಿಗೆ. ದಕ್ಷಿಣ ಆಫ್ರಿಕಾದ ಬೆಂಕಿಲಿಲಿ (ಫೈರ್ ಲಿಲಿ) ಅನ್ನುವ ಗಿಡ ಬೆಂಕಿ ಬಿದ್ದ ಎರಡು ವಾರದೊಳಗೇ ಹೂಬಿಡುತ್ತದೆ. ಬಹಳಷ್ಟು ಸಸಿಗಳು ಮಾತ್ರ ಮೊದಲ ಮಳೆಯ ನಂತರ ಬೆರಳಿನ ಉಗುರಿನಷ್ಟೇ ಇರುತ್ತವೆ, ನಿಂತು ನೋಡಿದರೆ ಕಾಣುವುದಿಲ್ಲ. ಕಾಣದ ಕಾರಣ ದಾರಿಯೇ ಇಲ್ಲದಲ್ಲಿ ಹೊಸ ಹೊಸ ದಾರಿ ಬೀಳುತ್ತವೆ, ಆ ಗೀರುಗಳಲ್ಲೇ ಮುಂದೆ ಮಳೆನೀರು ಹರಿದು ಕೊರಕಲು ಮಾಡುತ್ತದೆ.

ಕಲ್ಲುಕಂಬ

ಬೇರುಬಿಳಲು ಅವರ ಮಾತಿಗೆ ಸೇರಿಸುತ್ತೇನೆ. ಬೆಂಕಿ ಪೊದೆ ತೆಗೆದು ಹಾಕಿದಾಗ ಹಳೆಯ ಮನುಷ್ಯರ ಕುರುಹು ಹೊರಬೀಳುತ್ತದೆ. ಆಸ್ಟ್ರೇಲಿಯಾದ ಬುಜ್ ಬಿಮ್‌ನಲ್ಲಿ ಗುಂಡಿಚ್‌ಮಾರಾ ಜನರ ಪೂರ್ವಿಕರು ಹಾವುಮೀನು ಸಾಕಲು ಕಟ್ಟಿದ ಕಾಲುವೆಗಳಿವೆ, 6,600 ವರ್ಷಗಳಷ್ಟು ಹಳೆಯವು, 2019ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಆ ವರ್ಷದ ಕೊನೆಗೆ ಬಿದ್ದ ಬೆಂಕಿಯ ನಂತರ ಪೊದೆಯಡಿ ಮುಚ್ಚಿಹೋಗಿದ್ದ ಸುಮಾರು 25 ಮೀಟರ್ ಉದ್ದದ ಇನ್ನೊಂದು ಕಾಲುವೆ ಕಾಣಿಸಿತು. ಅಮೆರಿಕದ ಮೇಸಾ ವರ್ಡೆ ರಾಷ್ಟ್ರೀಯ ಉದ್ಯಾನದಲ್ಲಿ 1996 ಮತ್ತು 2000ದ ಬೆಂಕಿಗಳ ನಂತರ ಅಲ್ಲಿಯವರೆಗೆ ದಾಖಲಾಗದ ನೂರಾರು ತಾಣಗಳು ಸಿಕ್ಕವು.

ಇಂಥ ಸುದ್ದಿ ಬಂದ ಕೂಡಲೇ ಮಡಕೆ ಚೂರು, ಬಾಣದ ಮೊನೆ ಹುಡುಕುವವರೂ ಹೊರಡುತ್ತಾರೆ. ಚೂರು ಎಲ್ಲಿ, ಯಾವ ಪದರದಲ್ಲಿ, ಯಾವುದರ ಪಕ್ಕ ಬಿದ್ದಿತ್ತು ಅನ್ನುವುದೇ ಅದರ ಕಥೆ. ಎತ್ತಿ ಜೇಬಿಗೆ ಹಾಕಿಕೊಂಡ ಮೇಲೆ ಉಳಿಯುವುದು ಬರೀ ಮಡಕೆ ಚೂರು. ಸುಟ್ಟ ಕಲ್ಲು ಪದರ ಪದರವಾಗಿ ಸಿಡಿಯುವ ಸ್ಥಿತಿಯಲ್ಲಿರುತ್ತದೆ, ಕೈಯಿಟ್ಟರೂ ಕೆತ್ತನೆ ಉದುರಬಹುದು. ತೆರೆದ ದಾರಿಯಲ್ಲೇ ಏನಾದರೂ ಕಂಡರೆ ಮುಟ್ಟದೆ, ಪಕ್ಕದಲ್ಲಿ ಅಳತೆಗೆ ಏನಾದರೂ ಇಟ್ಟು ಫೋಟೋ ತೆಗೆದು, ಸ್ಥಳದ ನಿರ್ದೇಶಾಂಕದ ಜತೆ ಪುರಾತತ್ವ ಅಧಿಕಾರಿಗಳಿಗೆ ಮಾತ್ರ ಕಳಿಸಿ. ನಿರ್ದೇಶಾಂಕ ಇರುವ ಫೋಟೋ ಜಾಲತಾಣಕ್ಕೆ ಹಾಕಬೇಡಿ.

ಕೆಂಡಸಂಪಿಗೆ

ಬೆಂಕಿಗೂ ಮುಂಚೆಯೇ ನಿಷೇಧವಿದ್ದ ಜಾಗಗಳ ಮಾತೇ ಬೇರೆ. 2022ರ ಆಗಸ್ಟ್ 4ರಂದು ಬರ್ಲಿನ್‌ನ ಗ್ರೂನೆವಾಲ್ಡ್ ಕಾಡಿನಲ್ಲಿ ಪೊಲೀಸರ ಸ್ಫೋಟಕ ನಾಶ ಮಾಡುವ ಮೈದಾನದಲ್ಲೇ ಬೆಂಕಿ ಎದ್ದಿತು. ಸಿಡಿಮದ್ದು ಸಿಡಿಯುತ್ತಿದ್ದುದರಿಂದ ಅಗ್ನಿಶಾಮಕ ದಳವೇ ಒಂದು ಕಿಲೋಮೀಟರ್ ದೂರ ನಿಲ್ಲಬೇಕಾಯಿತು. ಬೆಂಕಿ ಹಳೆಯ ಗುಂಡು, ಬಾಂಬುಗಳ ಮೇಲಿನ ಹುಲ್ಲು ಸುಟ್ಟು ಅವನ್ನು ಬಯಲಿಗೆ ತರುತ್ತದೆ, ಸಿಡಿಯದೆ ಉಳಿದವು ಮೊದಲಿಗಿಂತ ಅಸ್ಥಿರವಾಗಿರಬಹುದು.

1986ರ ಅಣುಸ್ಥಾವರ ದುರಂತದ ನಂತರ ಮುಚ್ಚಿದ ಚೆರ್ನೋಬಿಲ್ ನಿಷೇಧಿತ ವಲಯ 2020ರ ಏಪ್ರಿಲ್‌ನಲ್ಲಿ ಹೊತ್ತಿ ಉರಿಯಿತು. ಅಲ್ಲಿನ ಎಲೆಕಸ ಮತ್ತು ಮೇಲ್ಮಣ್ಣಿನಲ್ಲಿ ಸೀಸಿಯಂ-137 ಅನ್ನುವ ವಿಕಿರಣಶೀಲ ವಸ್ತು ಇದೆ, ಅದರ ಅರ್ಧಾಯುಷ್ಯ (ಅರ್ಧಕ್ಕೆ ಇಳಿಯಲು ಬೇಕಾದ ಕಾಲ) ಸುಮಾರು 30 ವರ್ಷ. ಬೂದಿಯ ಮೇಲೆ ನಡೆದರೆ ಅದೇ ಧೂಳಾಗಿ ಉಸಿರಿಗೆ ಬರುತ್ತದೆ. ಆ ವಲಯಕ್ಕೆ ಕದ್ದು ನುಗ್ಗುವವರ ಗುಂಪುಗಳು ಬೆಂಕಿಗೂ ಮುಂಚಿನಿಂದ ಇವೆ.

ಸಾಮಾನ್ಯ ಕಾಡಿನಲ್ಲೂ ಉಸಿರಿನ ವಿಷಯ ಹಗುರವಲ್ಲ. ಎನ್95 ಮುಖಗವಸು ಸೂಕ್ಷ್ಮ ಬೂದಿಯನ್ನು ತಡೆಯುತ್ತದೆ, ಗಡ್ಡವಿದ್ದರೆ ಅಂಚಿನಲ್ಲಿ ಗಾಳಿ ನುಸುಳಿ ಅದೂ ಕೆಲಸ ಮಾಡದು. ಕಾರ್ಬನ್ ಮೊನಾಕ್ಸೈಡ್ ಅನ್ನು ಅದು ತಡೆಯುವುದೇ ಇಲ್ಲ. ಗಾಳಿಯಾಡದ ನಸುಕಿನಲ್ಲಿ, ಹೊಗೆ ತಳದಲ್ಲಿ ನಿಂತ ತಗ್ಗುಗಳಲ್ಲಿ ಈ ಅನಿಲವೂ ಹೊಗೆಯ ಜತೆ ನಿಂತಿರುತ್ತದೆ. ತಲೆನೋವು, ವಾಕರಿಕೆ ಶುರುವಾದರೆ ಕೂರದೆ ತೆರೆದ ಗಾಳಿಗೆ ಹೊರಡಬೇಕು.

ದಾರಿಹೋಕ

ಸರಿ, ಕಾರಣ ಮನಸ್ಸಿಗೆ ಇಳಿಯಿತು. ನನ್ನ ಮೂರನೇ ಪ್ರಶ್ನೆ ಬಾಕಿ ಇದೆ. ಡ್ರೋನ್ ಹಾರಿಸಿ ಹೊರಗಿನಿಂದಲೇ ನೋಡಬಹುದಲ್ಲ?

ನೆಲನಕ್ಷೆ

ಡ್ರೋನ್ ಬೇಡವೇ ಬೇಡ. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನ ಪ್ಯಾಲಿಸೇಡ್ಸ್ ಬೆಂಕಿಯ ಹೊತ್ತಿಗೆ ಒಬ್ಬ ವ್ಯಕ್ತಿ ಹಾನಿ ಎಷ್ಟಾಗಿದೆ ನೋಡೋಣ ಅಂತ ವಾಹನ ನಿಲುಗಡೆ ಕಟ್ಟಡದ ಮೇಲಿಂದ ಡ್ರೋನ್ ಬಿಟ್ಟ. ಎರಡೂವರೆ ಕಿಲೋಮೀಟರ್ ಹೋದ ಮೇಲೆ ಅದು ಕಣ್ಣಿಗೆ ಕಾಣದಾಯಿತು, ಕೆನಡಾದಿಂದ ನೆರವಿಗೆ ಬಂದಿದ್ದ ನೀರು ಸುರಿಯುವ ವಿಮಾನದ ರೆಕ್ಕೆಗೆ ಬಡಿದು ತೂತು ಮಾಡಿತು. ಆ ವಿಮಾನ ದುರಸ್ತಿಗೆ ನಿಂತುಬಿಟ್ಟಿತು, ಅದೂ ಊರು ಉರಿಯುತ್ತಿರುವಾಗ. ಕೇಡು ಬಗೆಯದ ಕುತೂಹಲವೇ ಅಷ್ಟು ಮಾಡಿತು. ಬೆಂಕಿ ಆರಿದ ಮೇಲೂ ಸಮೀಕ್ಷೆಯ ಹೆಲಿಕಾಪ್ಟರ್ ತಗ್ಗಿನಲ್ಲೇ ಹಾರಾಡುತ್ತಿರುತ್ತವೆ.

ಉಪಗ್ರಹ ಚಿತ್ರ ಪುಕ್ಕಟೆ ಸಿಗುತ್ತೆ. ಹೀಗೆ ಮಾಡಿ.

ಕೋಪರ್ನಿಕಸ್ ಬ್ರೌಸರ್ ಅನ್ನೋ ಯುರೋಪಿನ ಉಪಗ್ರಹ ಚಿತ್ರಗಳ ಜಾಲತಾಣ ತೆರೆಯಿರಿ. ಸೆಂಟಿನೆಲ್-2 ಎಲ್2ಎ (ಸೆಂಟಿನೆಲ್-2 ಉಪಗ್ರಹದ, ವಾತಾವರಣದ ಮಸುಕು ತಿದ್ದಿದ ಚಿತ್ರ) ಆರಿಸಿ. ಜಾಗಕ್ಕೆ ಹೋಗಿ, ಮೋಡದ ಮಿತಿ 20 ಶೇಕಡಾಕ್ಕೆ ಇಳಿಸಿ. ಸೆಂಟಿನೆಲ್-2 ಜೋಡಿ ಸುಮಾರು 5 ದಿನಕ್ಕೊಮ್ಮೆ ಅದೇ ಜಾಗದ ಮೇಲೆ ಬರುತ್ತೆ, ಹಾಗಾಗಿ ಬೆಂಕಿಗೆ ಮುಂಚಿನ ಒಂದು ದಿನ, ನಂತರದ ಒಂದು ದಿನ ಸಾಮಾನ್ಯವಾಗಿ ಸಿಗುತ್ತೆ. ಮಾಮೂಲಿ ಬಣ್ಣದಲ್ಲಿ ನೋಡಿದರೆ ಹೊಗೆ ಅಡ್ಡ ಬರುತ್ತೆ. ಬ್ಯಾಂಡ್ (ಉಪಗ್ರಹ ಬೇರೆ ಬೇರೆಯಾಗಿ ಅಳೆಯುವ ಬೆಳಕಿನ ಪಟ್ಟಿ) 12, 8ಎ, 4 ಈ ಜೋಡಣೆ ಹಾಕಿ: ಹಸಿರು ಗಿಡ ಹಸಿರಾಗಿ, ಸುಟ್ಟ ನೆಲ ಕಂದುಗೆಂಪಾಗಿ, ಇನ್ನೂ ಉರಿಯುತ್ತಿದ್ದರೆ ಕಿತ್ತಳೆಯಾಗಿ ಕಾಣುತ್ತೆ. ತೆಳುಹೊಗೆಯನ್ನು ದಾಟಿ ನೋಡುವ ಶಕ್ತಿ ಇವುಗಳಲ್ಲಿನ ಅವಕೆಂಪು (ಇನ್‌ಫ್ರಾರೆಡ್) ಬ್ಯಾಂಡ್‌ಗಳಿಗಿದೆ.

ತೀವ್ರತೆ ಬೇಕಿದ್ದರೆ ಲೆಕ್ಕ ಇದು. ಬ್ಯಾಂಡ್ 8ರಿಂದ ಬ್ಯಾಂಡ್ 12 ಕಳೆಯಿರಿ, ಎರಡರ ಮೊತ್ತದಿಂದ ಭಾಗಿಸಿ. ಬರುವ ಸಂಖ್ಯೆ ಎನ್‌ಬಿಆರ್, ಅಂದರೆ ಸುಟ್ಟ ನೆಲ ಗುರುತಿಸುವ ಸೂಚ್ಯಂಕ. ಮುಂಚಿನದರಿಂದ ನಂತರದ್ದನ್ನು ಕಳೆದರೆ ವ್ಯತ್ಯಾಸ. 0.1ರ ಒಳಗಿದ್ದರೆ ಸುಟ್ಟಿಲ್ಲ ಅಂತ ಎಣಿಸಿ, 0.27ರವರೆಗೆ ಲಘು, 0.27ರಿಂದ 0.66 ಮಧ್ಯಮ, ಅದಕ್ಕೂ ಮೇಲೆ ತೀವ್ರ. ಕೆಲವು ನಕ್ಷೆಗಳಲ್ಲಿ ಇದನ್ನೇ ಸಾವಿರದಿಂದ ಗುಣಿಸಿ 270, 660 ಅಂತ ಹಾಕಿರುತ್ತಾರೆ, ಗಾಬರಿ ಬೇಡ.

ಇನ್ನೂ ಬಿಸಿ ಇರುವ ಕಡೆ ತಿಳಿಯೋಕೆ ನಾಸಾದ ಫರ್ಮ್ಸ್ ನಕ್ಷೆ ಇದೆ, ಉಪಗ್ರಹ ಹಾದುಹೋದ ಸುಮಾರು 3 ಗಂಟೆಯೊಳಗೆ ಚುಕ್ಕೆ ಬರುತ್ತೆ. ಚುಕ್ಕೆ ಇರುವ ಜಾಗದಲ್ಲೇ ಬೆಂಕಿ ಅಂತ ತಿಳಿಯಬೇಡಿ. ಉಪಗ್ರಹದಲ್ಲಿರುವ ವಿಐಐಆರ್‌ಎಸ್‌ ಅನ್ನೋ ಸಂವೇದಕದ ಒಂದು ಚೌಕ 375 ಮೀಟರ್, ಮೋಡಿಸ್‌ ಅನ್ನೋದರದು 1 ಕಿಲೋಮೀಟರ್, ಚುಕ್ಕೆ ಆ ಚೌಕದ ನಡುಬಿಂದು ಅಷ್ಟೇ. ಚುಕ್ಕೆ ಇಲ್ಲ ಅಂದ ಮಾತ್ರಕ್ಕೆ ಆರಿದೆ ಅಂತಲೂ ಅಲ್ಲ, ಬೂದಿಯಡಿಯ ಬೊಡ್ಡೆಯ ಶಾಖ ಅದಕ್ಕೆ ಕಾಣದು.

ನೇರನುಡಿ

ಇದು ನಿಜವಾಗಿ ಉಪಯೋಗದ ಮಾತು. ಹಾಗಾದರೆ ಇಂಥ ನಕ್ಷೆ ತೋರಿಸಿ, ಲಘುವಾಗಿ ಸುಟ್ಟ ಭಾಗ ತೆರೆಯಿರಿ ಎಂದು ಇಲಾಖೆಯನ್ನು ಕೇಳಬಹುದೇ?

ಮಣ್ಣುಮಾತು

ಕೇಳಿ, ಖಂಡಿತ ಕೇಳಿ. ಆದರೆ ಒಂದು ಎಚ್ಚರ: ಉಪಗ್ರಹ ಹೆಚ್ಚಾಗಿ ನೋಡುವುದು ಎಲೆಯ ಹೊದಿಕೆಗೆ ಆದ ಬದಲಾವಣೆಯನ್ನು. ಮೇಲೆ ಹಸಿರು ಉಳಿದಿದ್ದು ಕೆಳಗೆ ಬೇರು ಸುಟ್ಟಿರಬಹುದು. ಅದಕ್ಕೇ ಪರಿಣತ ತಂಡಗಳು ಈ ನಕ್ಷೆ ಹಿಡಿದು ನೆಲಕ್ಕಿಳಿದು ಬೂದಿಯ ಬಣ್ಣ, ಬೇರಿನ ಸ್ಥಿತಿ, ನಾನು ಮೇಲೆ ಹೇಳಿದ ಹನಿ ಪರೀಕ್ಷೆ ಮಾಡಿ ನಕ್ಷೆಯನ್ನು ತಿದ್ದುತ್ತವೆ. ಕೇಳುವಾಗ ‘ತೆರೆಯಿರಿ’ ಅನ್ನುವ ಬದಲು ಈ ದಾರಿಯ ಮರಗಳ ಪರಿಶೀಲನೆ ಆಯಿತೇ, ಮೋರಿಗಳ ಸ್ಥಿತಿ ಏನು, ಮಣ್ಣಿನ ತೀವ್ರತೆಯ ನಕ್ಷೆ ಸಾರ್ವಜನಿಕವಾಗಿ ಕೊಡುತ್ತೀರಾ ಎಂದು ಕೇಳಿ. ಇಷ್ಟು ನಿರ್ದಿಷ್ಟವಾಗಿ ಕೇಳಿದರೆ ಉತ್ತರವೂ ನಿರ್ದಿಷ್ಟವಾಗಿ ಬರಬೇಕಾಗುತ್ತದೆ.

ಒಣಮರ

ತೆರೆದ ಮೇಲೆ ಹೋಗುವವರಿಗೆ: ಗಾಳಿ ಎದ್ದರೆ ಹಿಂತಿರುಗಿ. ಕಿವಿಯಲ್ಲಿ ಇಯರ್‌ಫೋನ್ ಬೇಡ, ಮರ ಕೊಡುವ ಒಂದೇ ಎಚ್ಚರಿಕೆ ಚಟಚಟ ಸದ್ದು. ಊಟಕ್ಕೆ, ವಿಶ್ರಾಂತಿಗೆ ಮರದಡಿ ಕೂರಬೇಡಿ, ಟೆಂಟ್ ಅಂತೂ ಹಾಕಲೇಬೇಡಿ. ನೀರು ಮನೆಯಿಂದಲೇ ಒಯ್ಯಿರಿ. ಬೂದಿ ಬೆರೆತ ತೊರೆಯ ನೀರಿನಿಂದ ಸೋಸುವ ಫಿಲ್ಟರ್ ಕಟ್ಟಿಕೊಳ್ಳುತ್ತೆ, ಕುದಿಸಿದರೆ ರೋಗಾಣು ಸಾಯುತ್ತೆ ಹೊರತು ಕರಗಿದ ರಾಸಾಯನಿಕ ಹೋಗಲ್ಲ. ವಿಮಾನದಿಂದ ಸುರಿದ ಕೆಂಪು ಅಗ್ನಿನಿರೋಧಕ ಬಿದ್ದ ಬಂಡೆ ಒದ್ದೆಯಾದರೆ ವಿಪರೀತ ಜಾರುತ್ತೆ, ಅಲ್ಲಿ ಬೆಳೆದ ಅಣಬೆ, ಸೊಪ್ಪು ತಿನ್ನಬೇಡಿ.

ದಾರಿಹೋಕ

ನೆಲನಕ್ಷೆ ಅವರೇ, ನೀವು ಹೇಳಿದ ಲೆಕ್ಕ ಹಾಕಿದರೆ ಬೆಂಕಿ ತಾಗದ ಪಕ್ಕದ ಗುಡ್ಡವೂ 0.2 ತೋರಿಸುತ್ತಿದೆ. ಎಲ್ಲಿ ತಪ್ಪುತ್ತಿದೆ?

ನೆಲನಕ್ಷೆ

ಎರಡು ಚಿತ್ರಗಳ ದಿನಾಂಕ ನೋಡಿ. ಮುಂಚಿನದು ಮಳೆಗಾಲ ಮುಗಿದ ಹೊತ್ತಿನದು, ನಂತರದ್ದು ಕಡುಬೇಸಿಗೆಯದು ಆಗಿದ್ದರೆ ಎಲೆ ಉದುರಿ ಹುಲ್ಲು ಒಣಗಿದ್ದನ್ನೇ ಸುಟ್ಟದ್ದು ಅಂತ ಲೆಕ್ಕ ತೋರಿಸುತ್ತೆ. ಬೆಂಕಿಗೆ ತೀರ ಹತ್ತಿರದ ಮುಂಚಿನ ಚಿತ್ರ ಹಾಕಿ. ಮೋಡದಿಂದ ಅದು ಸಿಗದಿದ್ದರೆ ಹಿಂದಿನ ವರ್ಷದ ಅದೇ ವಾರದ್ದನ್ನು ತೆಗೆದುಕೊಳ್ಳಿ, ಸೂರ್ಯನ ಕೋನವೂ ಹೊಂದುತ್ತೆ. ಆಮೇಲೂ ಸುಡದ ಗುಡ್ಡ ಏನಾದರೂ ತೋರಿಸಿದರೆ, ಹತ್ತಾರು ಕಡೆ ಅದರ ಸರಾಸರಿ ತೆಗೆದು ಎಲ್ಲ ಕಡೆಯಿಂದ ಕಳೆದುಬಿಡಿ. ಕಡಿದಾದ ಗುಡ್ಡದ ನೆರಳುಬದಿ ಮತ್ತು ಕೆರೆಯ ಅಂಚನ್ನು ಮಾತ್ರ ನಂಬಬೇಡಿ, ಅಲ್ಲಿ ಸಂಖ್ಯೆ ಹಾಗೇ ಏರುಪೇರಾಗುತ್ತೆ.